ಕದರಯ್ಯನ ಬೇಸಿಗೆ ಕೋರ್ಟು

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಒಂದು ಕಟ್ಟು ಹಾಳೆ ಬಂದು ಬೀಳುತ್ತದೆ. ಆರು, ಏಳು, ಎಂಟನೇ ತರಗತಿಯ ಮಕ್ಕಳು ರಜೆಯಲ್ಲಿ ಕಥೆ ಓದಿ ತುಂಬಿಸಬೇಕಾದ ಹಾಳೆಗಳು. ಪಾತ್ರಗಳನ್ನು ಪರಿಚಯಿಸಿ, ಸಾರಾಂಶ ಬರೆಯಿರಿ, ಕಥೆಯ ನೀತಿ ಏನು ತಿಳಿಸಿ. ತುಮಕೂರಿನಲ್ಲಿ ಹದಿನಾರು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಈ ಹಾಳೆ ತುಂಬಿಸಿ ಕಥೆ ಓದಲು ಕಲಿತ ಮಗುವನ್ನು ಇದುವರೆಗೆ ಕಂಡಿಲ್ಲ. ಹಾಗಾಗಿ ಆ ಕಟ್ಟನ್ನು ಬೀರುವಿನ ಮೇಲಕ್ಕೆ ಎಸೆದು, ನನ್ನ ಬೇಸಿಗೆ ಶಿಬಿರದಲ್ಲಿ ಕೋರ್ಟು ನಡೆಸುತ್ತೇನೆ. ಕಥೆಯೊಳಗಿನ ಯಾರಾದರೊಬ್ಬರ ಮೇಲೆ ಕೇಸು. ಒಂದು ಮಗು ಆರೋಪ ಹೊರಿಸುತ್ತದೆ, ಒಂದು ಅವರ ಪರ ನಿಲ್ಲುತ್ತದೆ, ಇನ್ನೊಂದು ತೀರ್ಪು ಕೊಡುತ್ತದೆ. ಹೇಮಶ್ರೀ ಮಿಸ್ಸಿಗೆ ತಲೆ ಸರಿಯಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ.

ಉಪಾಯ ನನ್ನದಲ್ಲ, ಕುಣಿಗಲ್ಲಿನ ಕದರಯ್ಯನವರದು.

ನಾನು ಚಿಕ್ಕವಳಿದ್ದಾಗ ಅವರದು ನಮ್ಮ ಪಕ್ಕದ ಮನೆ. ಅಲ್ಲಿನ ಕೋರ್ಟಿನಲ್ಲಿ ಜವಾನರಾಗಿದ್ದರು. ಮೇ ತಿಂಗಳಲ್ಲಿ ಮಕ್ಕಳ ಹಾಗೆ ಜಡ್ಜ್ ಸಾಹೇಬರಿಗೂ ರಜೆ. ಕಲಾಪ ಇಲ್ಲದೆ ಕದರಯ್ಯ ಮಧ್ಯಾಹ್ನಕ್ಕೇ ಮನೆಗೆ ಬಂದು, ಕೂತಲ್ಲಿ ಕೂರಲಾಗದೆ ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದರು. ಆಕೆ ಬೈದು ಜಗಲಿಗೆ ಅಟ್ಟಿದರು. ಜಗಲಿಯ ಮೇಲೆ ಲೈಬ್ರರಿಯ ಕಥೆಪುಸ್ತಕಕ್ಕಾಗಿ ಕಿತ್ತಾಡುತ್ತಾ ನಾವು ಏಳೆಂಟು ಮಕ್ಕಳಿದ್ದೆವು. ಬೇಸಿಗೆ ಕೋರ್ಟು ಶುರುವಾದದ್ದು ಹೀಗೆ.

ನಿಯಮ ಒಂದೇ. ಪುಸ್ತಕದ ಹೊರಗಿನ ಮಾತು ಆಡುವಂತಿಲ್ಲ. ಅವಳು ಕೆಟ್ಟವಳು ಅಂದರೆ ಯಾವ ಪುಟ, ಒಳ್ಳೆಯವಳು ಅಂದರೆ ಯಾವ ಸಾಲು, ತೋರಿಸಬೇಕು. ಸೊಸೆಗೆ ನೀರು ಮಜ್ಜಿಗೆ ಬಡಿಸಿದ ಅತ್ತೆಯೊಬ್ಬಳ ಮೇಲೆ ಎರಡು ದಿನ ವಿಚಾರಣೆ ನಡೆಯಿತು. ಜೈಲೇ ಗತಿ ಅಂದುಕೊಂಡಿದ್ದೆವು. ಮೂರನೇ ದಿನ ನನ್ನ ಕ್ಲಾಸಿನ ಅಂಜನ್‌ಕುಮಾರ್, ಮನೆಯ ಹಸುವಿನ ಹಾಲು ಬತ್ತಿತ್ತು ಅಂತ ಎರಡನೇ ಪ್ಯಾರಾದಲ್ಲೇ ಬರೆದಿದೆಯಲ್ಲ ಎಂದು ಎತ್ತಿ ತೋರಿಸಿದ. ನಾವೆಲ್ಲ ಆ ಸಾಲನ್ನು ಹಾರಿಸಿ ಓದಿದ್ದೆವು. ಅತ್ತೆ ಬಿಡುಗಡೆಯಾದಳು, ಕದರಯ್ಯ ಎಲ್ಲರಿಗೂ ಕಡಲೆಮಿಠಾಯಿ ಹಂಚಿದರು.

ಆ ಸಂಜೆಗಳು ಈಗಲೂ ನೆನಪಾಗುತ್ತವೆ. ದೊಡ್ಡ ಕೆರೆಯ ಮೇಲಿಂದ ಬರುವ ತಣ್ಣನೆಯ ಗಾಳಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಕುದುರೆಗಳ ಸ್ಟಡ್ ಫಾರಂ ಕಡೆಗೆ ಹುಲ್ಲಿನ ಗಾಡಿ ಹೋದಾಗ ಬೀದಿಯುದ್ದಕ್ಕೂ ನಿಲ್ಲುತ್ತಿದ್ದ ಒಣಹುಲ್ಲಿನ ವಾಸನೆ. ದೀಪ ಹಚ್ಚುವ ಹೊತ್ತಾಯಿತು ಅಂತ ಅಮ್ಮ ಕರೆದರೂ ನಾನು ಏಳುತ್ತಿರಲಿಲ್ಲ. ಓದುವುದೆಂದರೆ ಹೀಗೆ ಒಟ್ಟಿಗೆ ಕೂತು ಒಂದು ಸಾಲಿಗಾಗಿ ಜಗಳವಾಡುವುದು ಅಂತಲೇ ತಿಳಿದಿದ್ದೆ. ಅಷ್ಟು ಸುಖವಾಗಿ ಆಮೇಲೆ ನಾನು ಓದಿದ್ದಿಲ್ಲ.

ಅದೆಲ್ಲ ತೊಂಬತ್ತಾರರ ಬೇಸಿಗೆಗೆ ಮುಗಿಯಿತು. ಮುಗಿಸಿದವಳು ನಾನೇ.

ಆಗ ನನಗೆ ಹನ್ನೆರಡು. ಆ ವಾರ ಕೇಸು ತರುವ ಸರದಿ ನನ್ನದು. ಲೈಬ್ರರಿಯಲ್ಲಿ ರಟ್ಟು ಕಿತ್ತುಹೋದ, ಬರೆದವರ ಹೆಸರೂ ಉಳಿದಿರದ ಒಂದು ಪುಸ್ತಕ ಸಿಕ್ಕಿತು. ಅದರಲ್ಲೊಂದು ಛತ್ರದ ಕಾವಲುಗಾರನ ಕಥೆ. ಛತ್ರದ ಬೆಳ್ಳಿ ತಟ್ಟೆಗಳನ್ನು ಅಲ್ಲಿನ ಆಡಳಿತ ನೋಡಿಕೊಳ್ಳುವ ಪಾರುಪತ್ತೇಗಾರನ ಅಳಿಯ ಕದಿಯುತ್ತಾನೆ. ಕಾವಲುಗಾರ ಅದನ್ನು ಕಣ್ಣಾರೆ ಕಾಣುತ್ತಾನೆ. ಆದರೆ ಅಪವಾದ ಅಡುಗೆಯವಳ ಮೇಲೆ ಬರುತ್ತದೆ, ಕಾವಲುಗಾರ ಬಾಯಿ ಬಿಡುವುದಿಲ್ಲ. ಅವಳು ಗಂಟು ಕಟ್ಟಿಕೊಂಡು ಹೊರಡುವಲ್ಲಿಗೆ ಕಥೆ ಮುಗಿಯುತ್ತದೆ. ಕಾವಲುಗಾರನ ಮೇಲೆ ಕೇಸು ಹಾಕಿದವಳು ನಾನು, ಅವನ ಪರ ನಿಂತವನು ಅಂಜನ್‌ಕುಮಾರ್.

ನನ್ನ ನಾಲಿಗೆ ಆಗಲೇ ಚೂಪು. ಕದ್ದವನ ಮುಖ ಸರಿಯಾಗಿ ಕಾಣಲಿಲ್ಲ ಅನ್ನುವಂತಿಲ್ಲ, ಕಿಟಕಿಯ ಬಿಸಿಲು ಅಳಿಯನ ಮುಖದ ಮೇಲೇ ಬಿದ್ದಿತ್ತು, ಪುಟ ನಲವತ್ತೊಂದು ಅಂದೆ. ಪಾಪ, ಕಾವಲುಗಾರನ ತಾಯಿಗೆ ಹುಷಾರಿರಲಿಲ್ಲ, ಕೆಲಸ ಹೋದರೆ ಗತಿ ಏನು ಅಂತ ಅಂಜನ್‌ಕುಮಾರ್ ಕಣ್ಣೀರು ತರಿಸಲು ನೋಡಿದ. ಪುಟ ಕೇಳಿದರೆ ಅವನ ಹತ್ತಿರ ಇಲ್ಲ. ಕಥೆಯಲ್ಲಿ ತಾಯಿಯೇ ಇರಲಿಲ್ಲ. ಕೊನೆಗೆ ನಾನು ಎದ್ದು ನಿಂತು ಹೇಳಿದ ಮಾತು ಇಷ್ಟು: "ಅಳಿಯ ಕದ್ದಿದ್ದು ಒಂದೇ ಸಲ. ಇವನು ಸುಮ್ನಿದ್ದ ಒಂದೊಂದು ದಿನಾನೂ ಕದ್ದ."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಕಾವಲುಗಾರ ಅಪರಾಧಿ ಅಂತ ತೀರ್ಪಾಯಿತು. ಕದರಯ್ಯ ಮಾತ್ರ ಪುಸ್ತಕವನ್ನು ತೆಗೆದುಕೊಂಡು ಒಳಗೆ ಹೋದರು. ಮಾರನೇ ದಿನ ಕೋರ್ಟು ನಡೆಯಲಿಲ್ಲ, ಆಮೇಲೆ ಯಾವತ್ತೂ ನಡೆಯಲಿಲ್ಲ. ಮುಂದಿನ ವರ್ಷ ಅಪ್ಪನಿಗೆ ತುಮಕೂರಿಗೆ ವರ್ಗವಾಗಿ ನಾವು ಊರು ಬಿಟ್ಟೆವು. ನಾನು ಏನು ತಪ್ಪು ಮಾಡಿದೆ ಅನ್ನುವುದು ತಿಳಿಯಲಿಲ್ಲ.

ಒಂದು ತಪ್ಪು ಮಾತ್ರ ಗೊತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಲವತ್ತನಾಲ್ಕನೇ ಪುಟದಲ್ಲಿ, ಕಾವಲುಗಾರ ಪಾರುಪತ್ತೇಗಾರನ ಬಾಗಿಲವರೆಗೆ ಎರಡು ಸಲ ಹೋಗಿ ಹಿಂದಿರುಗಿದ ಅಂತ ಒಂದು ಸಾಲಿತ್ತು. ಅಂದರೆ ಹೇಳಬೇಕು ಅಂತ ಅವನಿಗೆ ಮನಸ್ಸಿತ್ತು. ಅಂಜನ್‌ಕುಮಾರನ ಕಣ್ಣಿಗೆ ಅದು ಬೀಳಲಿಲ್ಲ, ನನ್ನ ಕಣ್ಣಿಗೆ ಬಿದ್ದಿತ್ತು. ಓದಿ ಹೇಳುವಾಗ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋದೆ. ನನಗೆ ಗೆಲ್ಲಬೇಕಿತ್ತು.

ಹೋದ ಮೇ ತಿಂಗಳಲ್ಲಿ ಗುಬ್ಬಿಯಿಂದ ಫೋನು ಬಂತು. ಕದರಯ್ಯನವರ ಮಗಳು ಪ್ರಮೀಳಾ. ನನ್ನ ಶಿಬಿರದ ಫೋಟೋಗಳನ್ನು ಯಾವುದೋ ಗ್ರೂಪಿನಲ್ಲಿ ನೋಡಿ ತಂದೆಗೆ ತೋರಿಸಿದ್ದಳಂತೆ. ಕೋರ್ಟು ಇನ್ನೂ ನಡೀತಿದೆಯಾ ಅಂತ ಕೇಳಿದವರು, ನನ್ನನ್ನು ನೋಡಲೇಬೇಕು ಅಂತ ಹಟ ಹಿಡಿದಿದ್ದಾರಂತೆ. ಭಾನುವಾರ ಬಸ್ಸು ಹತ್ತಿ ಹೋದೆ.

ಎಪ್ಪತ್ತೈದು ವರ್ಷದ ಕದರಯ್ಯ ಸೊರಗಿದ್ದರು, ಕಣ್ಣು ಮಾತ್ರ ಹಾಗೇ ಇತ್ತು. ಮಡಿಲಲ್ಲಿ ಅದೇ ಪುಸ್ತಕ, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಸಿದ್ದರು. ಕಳೆದುಹೋಯಿತು ಅಂತ ಲೈಬ್ರರಿಗೆ ಸುಳ್ಳು ಹೇಳಿ ಇಟ್ಟುಕೊಂಡಿದ್ದರಂತೆ. ನಾನು ಕೂರುವುದಕ್ಕೂ ಬಿಡದೆ ಹೇಳಿದರು.

"ಆ ಕಾವಲುಗಾರ ನಾನೇ ಕಣವ್ವ. ನೀ ಅವತ್ತು ಅಂದಿದ್ದು ನಂಗೇ ನೆಟ್ಟಗೆ ತಗಲ್ತು."

ಕೋರ್ಟಿನ ಕೆಲಸಕ್ಕೆ ಮೊದಲು, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವರು ಒಂದು ಹಾಸ್ಟೆಲಿನಲ್ಲಿ ಕಾವಲಿಗಿದ್ದರು. ಒಂದು ಮಧ್ಯಾಹ್ನ ವಾರ್ಡನ್ ಮೂರು ಮೂಟೆ ಅಕ್ಕಿಯನ್ನು ಗಾಡಿಗೆ ಹಾಕಿಸಿ ಸಾಗಿಸಿದ್ದನ್ನು ನೋಡಿದರು. ಅಕ್ಕಿ ಕದ್ದವಳು ಅಡುಗೆಯವಳು ಅಂತಾಯಿತು, ಅವಳನ್ನು ಹುಡುಗರೆಲ್ಲರ ಎದುರಿಗೇ ಹೊರಗೆ ಹಾಕಿದರು. ಕದರಯ್ಯನ ಕೆಲಸ ಆ ತಿಂಗಳು ಕಾಯಂ ಆಗುವುದಿತ್ತು. ಸುಮ್ಮನಿದ್ದರು. ಹೆಂಡತಿಗೂ ಹೇಳದೆ ಐವತ್ತು ವರ್ಷದ ಮೇಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಈಗ ಅವರಿಗೆ ಬೇಕಿದ್ದದ್ದು ಅಪೀಲು. ನಲವತ್ತನಾಲ್ಕನೇ ಪುಟ ತೆಗೆದು, ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದ್ದ ಸಾಲಿನ ಮೇಲೆ ಬೆರಳಿಟ್ಟರು. ತಾವೂ ವಾರ್ಡನ್‌ನ ಮೇಲಧಿಕಾರಿಯ ಮನೆ ಬಾಗಿಲಿಗೆ ಮೂರು ಸಲ ಹೋಗಿ ಬಂದಿದ್ದಾಗಿ ಹೇಳಿದರು. ಮಕ್ಕಳ ಮುಂದೆ ಈ ಕೇಸು ಇನ್ನೊಂದು ಸಲ ನಡೆಯಲಿ, ಬಿಡುಗಡೆಯಾದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಅಂದರು. ಆ ಸಾಲು ನನಗೆ ಅವತ್ತೇ ಕಂಡಿತ್ತು, ಬೇಕಂತಲೇ ಮುಚ್ಚಿಟ್ಟೆ ಅಂತ ಹೇಳಿಬಿಟ್ಟೆ. ಮಗು ನೀನು, ಬುಡು ಅಂದರು ಅವರು. ಅಷ್ಟು ಸುಲಭವಾಗಿ ನನ್ನನ್ನು ಬಿಟ್ಟದ್ದು ನನಗೆ ಇನ್ನಷ್ಟು ನಾಚಿಕೆ ತಂದಿತು. ಏನಾದರಾಗಲಿ, ಇವರನ್ನು ಬಿಡಿಸಲೇಬೇಕು ಅಂದುಕೊಂಡೆ.

ಗುರುವಾರ ತುಮಕೂರಿನಲ್ಲಿ ಅಪೀಲು ಕೂತಿತು. ಕಥೆಯನ್ನು ಜೆರಾಕ್ಸ್ ಮಾಡಿಸಿ ಹದಿನೆಂಟು ಮಕ್ಕಳಿಗೂ ಮೊದಲೇ ಕೊಟ್ಟಿದ್ದೆ. ನಿಜಸಂಗತಿ ಹೇಳಿರಲಿಲ್ಲ, ನಮ್ಮ ಕೋರ್ಟಿನ ಗುರುಗಳು ಬರುತ್ತಾರೆ ಅಂದಿದ್ದೆ ಅಷ್ಟೇ. ಕದರಯ್ಯ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಮಗಳ ಜೊತೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಮೇಷ್ಟರ ಬುದ್ಧಿ ನೋಡಿ, ಚೆನ್ನಾಗಿ ಮಾತಾಡುವ ಮಲ್ಲಿಕಾರ್ಜುನ್‌ನನ್ನು ನಾನು ಬೇಕಂತಲೇ ಕಾವಲುಗಾರನ ಪರ ಹಾಕಿದ್ದೆ.

ಹುಡುಗ ನಿರಾಸೆ ಮಾಡಲಿಲ್ಲ. ನಲವತ್ತನಾಲ್ಕನೇ ಪುಟವನ್ನು ಎರಡು ಸಲ ಓದಿದ. ಮನಸ್ಸಿಲ್ಲದವನು ಬಾಗಿಲವರೆಗೆ ಹೋಗುವುದಿಲ್ಲ, ಹೋಗಿ ಬಂದ ಅಂತ ಬರೆದಿರುವುದೇ ಅವನ ಹೆದರಿಕೆ ನಮಗೆ ಕಾಣಲಿ ಅಂತ, ಅಂದ. ಆರೋಪ ಹೊರಿಸಿದ ದೀಪಿಕಾ ಕೂಡ ಆ ಸಾಲಿಗೆ ಗೆರೆ ಎಳೆದುಕೊಂಡಳು. ತೀರ್ಪು ಕೊಡಬೇಕಾದವಳು ಏಳನೇ ಕ್ಲಾಸಿನ ಯಶಸ್ವಿನಿ. ವರ್ಷವೆಲ್ಲ ಕಿಟಕಿ ಕಡೆ ನೋಡಿಕೊಂಡು ಕೂರುವ ಮಗು. ಅವಳು ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತಲೇ ಇದ್ದಳು. ಬೇಗ ಬಿಟ್ಟುಬಿಡು ತಾಯಿ ಅಂತ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

"ಮಿಸ್, ಇದ್ರಲ್ಲಿ ಅಡುಗೆಯವ್ರು ಒಂದು ಮಾತೂ ಆಡಲ್ಲ," ಅಂದಳು. "ಹನ್ನೊಂದು ಸಲ ಬರ್ತಾರೆ, ಒಂದ್ಸಲಾನೂ ಹೆಸ್ರಿಲ್ಲ. ಅನ್ಯಾಯ ಆಗಿರೋದು ಅವ್ರಿಗೆ. ಅವ್ರನ್ನ ಕೇಳ್ದೆ ಬಿಡೋಕೆ ನಾವ್ಯಾರು?"

ಮಲ್ಲಿಕಾರ್ಜುನ್ ತನ್ನ ಹಾಳೆಗಳನ್ನು ಮೊದಲಿಂದ ಹುಡುಕಿದ. ದೀಪಿಕಾಳೂ ಹುಡುಕಿದಳು. ನಾನೂ ಹುಡುಕಿದೆ. ಆ ಕಥೆಯನ್ನು ಹನ್ನೆರಡರಲ್ಲಿ ಓದಿದ್ದೆ, ನಲವತ್ತೊಂದರಲ್ಲಿ ಓದಿದ್ದೆ, ಕಾವಲುಗಾರನನ್ನು ಒಂದು ಸಲ ಶಿಕ್ಷಿಸಲು, ಒಂದು ಸಲ ಬಿಡಿಸಲು. ಅವಳಿಗೆ ಮಾತಿಲ್ಲ ಅನ್ನುವುದು ನನ್ನ ತಲೆಗೆ ಹೋಗಿರಲೇ ಇಲ್ಲ. ಗುಬ್ಬಿಯಲ್ಲಿ ಕದರಯ್ಯ ತಮ್ಮ ಕಥೆ ಹೇಳುವಾಗಲೂ ಅಡುಗೆಯವಳು ಅಂತಲೇ ಅಂದಿದ್ದರು, ನಾನೂ ಹೆಸರು ಕೇಳಿರಲಿಲ್ಲ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಕದರಯ್ಯ ಎದ್ದು ನಿಂತಿದ್ದರು.

"ಹೆಸ್ರೈತೆ ಮಗ. ರಂಗಲಕ್ಷ್ಮಮ್ಮ. ಬೆಳ್ಳಾವಿಯೋರು."

ತಾತ ಆಟಕ್ಕೆ ಸೇರಿಕೊಂಡರು ಅಂತ ತಿಳಿದ ಮಕ್ಕಳು ಪುಟ ಹೇಳಿ ತಾತ, ಪುಟ ಹೇಳಿ ಅಂತ ನಕ್ಕರು. ಪುಸ್ತಕದಲ್ಲಿಲ್ಲ ಅಂದರು ಅವರು. ತೀರ್ಪು ಕೊಡಲಾಗುವುದಿಲ್ಲ ಅಂತ ಯಶಸ್ವಿನಿ ಬರೆದು ಸಹಿ ಹಾಕಿ ನನ್ನ ಕೈಗೆ ಕೊಟ್ಟಳು.

ಮಾರನೇ ದಿನ ಬೆಳಿಗ್ಗೆ ಪ್ರಮೀಳಾ, ನಾನು, ಕದರಯ್ಯ ಮೂವರೂ ಬೆಳ್ಳಾವಿ ಬಸ್ಸು ಹತ್ತಿದೆವು. ಆಕೆ ಬದುಕಿದ್ದಾರೋ ಇಲ್ಲವೋ ಅನ್ನುವುದೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ, ಹನುಮಂತರಾಜು ತಾಯಿ ತಾನೇ ಅಂತ ಮನೆ ತೋರಿಸಿದರು.

ರಂಗಲಕ್ಷ್ಮಮ್ಮ ಪಡಸಾಲೆಯಲ್ಲಿ ಕಾಲು ನೀಡಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಂಬತ್ತು ದಾಟಿದ, ಗಟ್ಟಿಮುಟ್ಟಾದ ಮುದುಕಿ. ಕದರಯ್ಯ ಬಾಗಿಲಲ್ಲೇ ನಿಂತು ತಾವು ಯಾರು, ಅವತ್ತು ಏನು ನೋಡಿದರು ಅನ್ನುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಆಕೆಯ ಕೈ ನಿಲ್ಲಲಿಲ್ಲ.

"ನೀ ನೋಡಿದ್ದೆ ಅಂತ ನಂಗೊತ್ತಿತ್ತು," ಅಂದರು. "ಏನಾರ ಹೇಳ್ತೀಯೇನೋ ಅಂತ ಬಸ್ ಹತ್ತೋಗಂಟ ಕಾದೆ."

ಕದರಯ್ಯ ಅತ್ತುಬಿಟ್ಟರು. ಅಷ್ಟು ವಯಸ್ಸಾದವರು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಕ್ಷಮಿಸವ್ವ ಅಂತ ಕೈ ಮುಗಿದರು. ರಂಗಲಕ್ಷ್ಮಮ್ಮ ಅವರನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ.

"ನಂಗ್ಯಾಕಪ್ಪ ಹೇಳ್ತೀಯ? ನಾ ಕದ್ದಿಲ್ಲ ಅನ್ನೋದು ನಂಗೊತ್ತಿಲ್ವಾ? ಗೊತ್ತಿಲ್ದೋರಿಗೆ ಹೇಳು."

ಒಳಗಿದ್ದ ಸೊಸೆಯನ್ನು ಕರೆದರು, ಹಿತ್ತಲಲ್ಲಿದ್ದ ಮಗ ಹನುಮಂತರಾಜುವನ್ನು ಕರೆಸಿದರು, ಪಕ್ಕದ ಮನೆಯವರೂ ಬಂದು ನಿಂತರು. ಎಲ್ಲರನ್ನೂ ಕೂರಿಸಿ, ಈಗ ಹೇಳು ಅಂದರು. ಕದರಯ್ಯ ಕಣ್ಣೊರೆಸಿಕೊಂಡು ಶುರು ಮಾಡಿದರು. ಯಾವ ವರ್ಷ, ಎಷ್ಟು ಹೊತ್ತು, ಎಷ್ಟು ಮೂಟೆ, ಯಾರ ಗಾಡಿ. ಮಾತು ಮಾತಿಗೂ ರಂಗಲಕ್ಷ್ಮಮ್ಮ, ರಂಗಲಕ್ಷ್ಮಮ್ಮ ಅಂತ ಹೆಸರು ಹಿಡಿದೇ ಹೇಳಿದರು.

ಹನುಮಂತರಾಜುವಿಗೆ ಐವತ್ತೈದು ದಾಟಿರಬೇಕು. ಸ್ಕೂಲಿನಲ್ಲಿ ಅವನನ್ನು ಅಕ್ಕಿ ಕಳ್ಳಿ ಮಗ ಅಂತ ಕರೆಯುತ್ತಿದ್ದರಂತೆ, ಮದುವೆಗೆ ಹೆಣ್ಣು ನೋಡಲು ಹೋದ ಕಡೆಯೂ ಆ ಮಾತು ಬಂದಿತ್ತಂತೆ. ಅವನು ನೆಲ ನೋಡಿಕೊಂಡು ಎಲ್ಲ ಕೇಳಿದ. ಆಮೇಲೆ ತಾಯಿ ಕಡೆ ತಿರುಗಿ, ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲವ್ವ ಅಂತ ಕೇಳಿದ.

"ಹೇಳ್ದೆ ಕಣೋ," ಅಂದರು ರಂಗಲಕ್ಷ್ಮಮ್ಮ. "ನೀನೇ ನಂಬ್ನಿಲ್ಲ."

ಹನುಮಂತರಾಜು ತಾಯಿಯ ಮುಖ ನೋಡಲಾಗದೆ ಎದ್ದು ಹೊರಗೆ ಹೊರಟ. ಕದರಯ್ಯ ಅವನ ಕೈ ಹಿಡಿದು ನಿಲ್ಲಿಸಿ, ಇನ್ನೊಂದು ಸಲ ಮೊದಲಿಂದ ಹೇಳ್ತೀನಿ, ಕೂತ್ಕೊಳಪ್ಪ ಅಂದರು.