ಕೂತು ತಿಂದವನ ಜೀವನಾಂಶ

ಕನ್ನಡಕದ ಅಂಗಡಿಯಾಕೆ ಯಾರದೋ ಮುರಿದ ಫ್ರೇಮಿಗೆ ಸ್ಕ್ರೂ ತಿರುಗಿಸುತ್ತಿದ್ದಾಗ ಅವಳ ಅಣ್ಣ ಲಾಯರನ್ನು ಕರೆದುಕೊಂಡೇ ಒಳಗೆ ಬಂದ. ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇನೋ ಅವಳೇ. ಆದರೆ ಜೀವನಾಂಶ ಕೇಳಿದ್ದು ಗಂಡ! ಆ ಸುದ್ದಿ ಕಿವಿಗೆ ಬಿದ್ದಾಗಿನಿಂದ ಅಣ್ಣನಿಗೆ ಮೈಯೆಲ್ಲ ಉರಿ.

"ಗಂಡಸಾಗಿ ಹೆಂಡತಿ ಮುಂದೆ ಕೈ ಚಾಚ್ತಾನಲ್ಲ, ಮಾನ ಮರ್ಯಾದೆ ಬೇಡ್ವಾ? ನೀನು ತಲೆ ಕೆಡಿಸ್ಕೋಬೇಡ ಪುಟ್ಟಿ. ಅಂಗಡೀನ ನನ್ನ ಹೆಸರಿಗೆ ಮಾಡಿಬಿಡು. ನೀನಿಲ್ಲಿ ಸಂಬಳಕ್ಕಿರೋಳು ಅಂತ ತೋರಿಸೋಣ. ಅವನಿಗೆ ಚಿಪ್ಪೇ ಗತಿ!"

"ಕೋರ್ಟು ಇಬ್ಬರ ಆದಾಯಾನೂ ನೋಡುತ್ತೆ ಮೇಡಂ," ಎಂದರು ಲಾಯರು. "ಅವರದು ಸೊನ್ನೆ. ನಿಮ್ಮದು ಕಡಿಮೆ ಇದ್ದಷ್ಟೂ ಕೊಡೋದು ಕಡಿಮೆ." ಹೇಳಿಕೆಯ ಕರಡನ್ನು ಮುಂದಿಟ್ಟರು.

ಅವಳಿಗೂ ಆಸೆಯಾಯಿತು. ಯಾಕಾಗಬಾರದು? ಹದಿನಾಲ್ಕು ವರ್ಷ ನಿಂತು ನಿಂತು, ಕಾಲು ಬಾತರೂ ಬಿಡದೆ ಕಟ್ಟಿದ ಅಂಗಡಿ. ಪೆನ್ನನ್ನೂ ಎತ್ತಿಕೊಂಡಳು. ಅಷ್ಟರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: 'ಗಂಡ ಯಾವ ಕೆಲಸವನ್ನೂ ಮಾಡದೆ ಮನೆಯಲ್ಲಿ ಕೂತು ತಿಂದವನು.'

"ಇದನ್ನ ಬರೆಸಿದ್ದು ಯಾರು?"

"ನಾನೇ. ಯಾಕೆ, ಸುಳ್ಳಾ?" ಅಂದ ಅಣ್ಣ.

ಅವಳಿಗೆ ಪಿತ್ತ ನೆತ್ತಿಗೇರಿತು. "ಅಮ್ಮ ಲಕ್ವ ಹೊಡೆದು ಮೂರು ವರ್ಷ ಹಾಸಿಗೇಲಿದ್ಲು. ಬಸ್ಸು ಓಡಿಸೋ ಕೆಲಸ ಬಿಟ್ಟು ಅವಳ ಹೇಲು ಉಚ್ಚೆ ಬಾಚಿದೋನು ಅವನು. ಅದಕ್ಕೇ ಈ ಅಂಗಡಿ ಒಂದು ದಿನಾನೂ ಬಾಗಿಲು ಹಾಕಲಿಲ್ಲ. ಹೆತ್ತ ಮಗ ನೀನು ಬಂದಿದ್ದು ಯಾವಾಗ ಹೇಳು? ಹೆಣ ಎತ್ತೋಕೆ!"

ಅಣ್ಣನ ಮುಖ ಕಪ್ಪಿಟ್ಟಿತು. "ಅಷ್ಟು ಒಳ್ಳೆಯೋನಾದ್ರೆ ಬಿಡ್ತಿರೋದ್ಯಾಕೆ?"

"ಬಾಯಿ ತೆಗೆದ್ರೆ ಜಗಳ, ಇಲ್ಲಾ ತಿಂಗಳುಗಟ್ಟಲೆ ಮುನಿಸು. ನನಗೆ ಸಾಕಾಗಿದೆ. ಅವನ ಜೊತೆ ಬಾಳೋಕಾಗಲ್ಲ ಅಂದೆ. ಅವನು ದುಡೀಲಿಲ್ಲ ಅಂತ ನಾನು ಅಂದೆನಾ?"

ಲಾಯರು ಗಂಟಲು ಸರಿಮಾಡಿಕೊಂಡರು. "ಇದನ್ನೆಲ್ಲ ಬಾಯಿ ಬಿಟ್ರೆ ತೀರ್ಪು ಅವರ ಕಡೆ ವಾಲುತ್ತೆ ಮೇಡಂ."

"ವಾಲಲಿ."

"ಹಾಳಾಗಿ ಹೋಗು!" ಅನ್ನುತ್ತ ಅಣ್ಣ ದಡದಡ ಮೆಟ್ಟಿಲಿಳಿದ. ಅವಳು ತಿರುಗಿಯೂ ನೋಡಲಿಲ್ಲ. ಆ ಸಾಲನ್ನು ಕಾಗದ ಹರಿಯುವಂತೆ ಗೀಚಿ ಹಾಕಿದಳು. ತನ್ನ ಆದಾಯದ ಜಾಗದಲ್ಲಿ ಅಂಗಡಿಯ ಪೂರ್ತಿ ಗಳಿಕೆ ಬರೆದಳು. ಗಂಡನ ಉದ್ಯೋಗ ಎಂಬಲ್ಲಿ ಕ್ಷಣ ತಡೆದು, ದಪ್ಪ ಅಕ್ಷರಗಳಲ್ಲಿ ಬರೆದು, ಕರಡನ್ನು ಲಾಯರ ಕಡೆ ತಳ್ಳಿದಳು.

"ಒಂದಕ್ಷರ ಬದಲಾಯಿಸದೆ ಟೈಪ್ ಮಾಡಿಸಿ."

ಲಾಯರು ಓದಿದರು: 'ನನ್ನ ತಾಯಿಯನ್ನು ಮೂರು ವರ್ಷ ನೋಡಿಕೊಂಡರು. ಸಂಬಳ ಇನ್ನೂ ಕೊಟ್ಟಿಲ್ಲ.'