ಬಂದೂಕದ ಜಡೆಪ್ಪ

ಕಂಪ್ಲಿಯಲ್ಲಿ ಕಬ್ಬು ಬೆಳೆದವರು ಬೇಕಾದಷ್ಟು ಮಂದಿ. ಬಂದೂಕು ಇಟ್ಟವನು ಜಡೆಪ್ಪನೊಬ್ಬನೇ. ಕಾಡುಹಂದಿಯಿಂದ ಪೈರು ಕಾಯಲೆಂದು ಸರಕಾರದ ಲೈಸನ್ಸು ತಂದಿದ್ದ. ಕೊರಳಲ್ಲಿ ಲಿಂಗ, ಹೆಗಲಲ್ಲಿ ಬಂದೂಕು. ಅವನು ಸಂತೆಗೆ ಹೊರಟರೆ ಜನ "ಬಂದೂಕದ ಜಡೆಪ್ಪ ಬಂದ" ಎಂದು ದಾರಿ ಬಿಡುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಅವನಿಗೆ ಹೋಳಿಗೆ ಉಂಡಷ್ಟು ಹಿತ.

ಹಂದಿಗಳಿಗೇನೂ ತೊಂದರೆ ಇರಲಿಲ್ಲ. "ಲಿಂಗ ಕಟ್ಟಿದ ಮನ್ಯಾಗ ರಕ್ತ ಬ್ಯಾಡ" ಎಂದು ಹೆಂಡತಿ ಕೊಟ್ರಬಸಮ್ಮ ಮೊದಲ ದಿನವೇ ಅಪ್ಪಣೆ ಮಾಡಿದ್ದಳು. ಅವನು ಆಕಾಶಕ್ಕೆ ಹೊಡೆಯುತ್ತಿದ್ದ. ಬರಬರುತ್ತ ಹಂದಿಗಳು ತಲೆ ಎತ್ತಿ ನೋಡುವುದನ್ನೂ ಬಿಟ್ಟವು.

ಅಷ್ಟರಲ್ಲಿ ಸತ್ಯಾಗ್ರಹದ ಗಲಾಟೆ ಎದ್ದು, ಕೆಲಸವಿಲ್ಲದೆ ಮೂಲೆ ಹಿಡಿದ ಬಂದೂಕುಗಳನ್ನು ಕಿತ್ತುಕೊಳ್ಳಿ ಎಂದು ಮೇಲಿನಿಂದ ಹುಕುಂ ಬಂತು. ಬಂದೂಕು ಹೋದರೆ ಉಳಿಯುವುದೇನು, ಬರೀ ಜಡೆಪ್ಪ!

ಮಹಾನವಮಿಯ ಸಂಜೆ. ಕೊಟ್ರಬಸಮ್ಮ ದೇವರ ಜಗಲಿಯ ಮೇಲೆ ಕುಡಗೋಲು, ಕೊಡಲಿಗಳ ನಡುವೆ ಬಂದೂಕು ನಿಲ್ಲಿಸಿ, ವಿಭೂತಿ ಬಳಿದು, ಚೆಂಡುಹೂವು ಏರಿಸಿ, ಕಾಯಿ ಒಡೆದಿದ್ದಳು. ಹಬ್ಬಕ್ಕೆಂದು ಕಂಪ್ಲಿಯ ತಮ್ಮ ಬೀಗರ ಮನೆಗೆ ಬಂದಿದ್ದ ಹೊಸಪೇಟೆಯ ತಹಶೀಲ್ದಾರ ಗೋಪೀನಾಥರಾಯರು ಹಾಗೇ ಒಳಗೆ ಬಂದರು. ಅವಳು ಕೊಟ್ಟ ಪ್ರಸಾದದ ಬಾಳೆಹಣ್ಣನ್ನು ಕಣ್ಣಿಗೊತ್ತಿಕೊಂಡು ಸುಲಿಯುತ್ತ, "ಏನ್ರೀ ಜಡೆಪ್ಪ, ಬಂದೂಕು ಕೆಲಸಾ ಮಾಡ್ತದೋ, ಸುಮ್ನ ಕುಂತದೋ?" ಎಂದರು.

ಅದೇ ಹೊತ್ತಿಗೆ ಹಿತ್ತಿಲಾಚೆಯ ಕಬ್ಬಿನಲ್ಲಿ ಗುರುಗುರು ಸದ್ದಾಯಿತು. ಹಂದಿಯ ಮೇಲೆ ಜಡೆಪ್ಪನಿಗೆ ಅಂಥ ಪ್ರೀತಿ ಎಂದೂ ಹುಟ್ಟಿರಲಿಲ್ಲ. "ಈಗ ನೋಡ್ರಿ!" ಎಂದು ಬಂದೂಕಿಗೆ ಕೈ ಚಾಚಿದ.

ಕೊಟ್ರಬಸಮ್ಮ ಅಡ್ಡ ನಿಂತಳು. "ಮುಟ್ಟಬ್ಯಾಡ್ರಿ! ನಾಳೆ ಬನ್ನಿ ಮುಡಿಯೋತನಕ ಅದು ದೇವರು."

"ಕಬ್ಬು ಹೊಕ್ಕೈತಲ್ಲೇ!"

"ಹೋಗ್ಲಿ. ಕುಂತ ದೇವರನ್ನ ಎಬ್ಬಸಾಂಗಿಲ್ಲ."

ದಿಕ್ಕುಗಾಣದೆ ರಾಯರತ್ತ ತಿರುಗಿದರೆ, ಅವರು ಕಬ್ಬಿನ ಕಡೆಗೆ ಕೈ ಮುಗಿದು ನಿಂತಿದ್ದರು. "ವರಾಹಸ್ವಾಮಿ ಅಲ್ಲೇನ್ರೀ... ನನ್ನ ಕಣ್ಣೆದುರಿಗೆ ಹೊಡೀಬ್ಯಾಡ್ರಿ ಮತ್ತ."

ಜಡೆಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಹೊರಗೆ ಕಬ್ಬು ಕಟಕಟ ಮುರಿಯುತ್ತಿತ್ತು. ಅವನಿಗೆ ಅಳುವೇ ಬಂತು. ಪೂಜೆಯ ಜಾಗಟೆ ಕೈಗೆ ಸಿಕ್ಕಿತು; ಅದನ್ನೇ ಬಾರಿಸುತ್ತ, ಹುಯ್ಯಲಿಡುತ್ತ ಗದ್ದೆಗೆ ನುಗ್ಗಿದ. ಗುಂಡಿಗೆ ಜಗ್ಗದ ಹಂದಿಗಳು ಜಾಗಟೆಗೆ ಬೆಚ್ಚಿ ಹೊಳೆಯ ತನಕ ಓಡಿದವು.

ಏದುಸಿರು ಬಿಡುತ್ತ ಬಂದವನಿಗೆ ರಾಯರು ಬಾಳೆಹಣ್ಣು ಮೆಲ್ಲುತ್ತ ಎಂದರು: "ಜಾಗಟಿ ಸಾಕಂದಮ್ಯಾಲ ಬಂದೂಕು ಯಾಕ್ರೀ? ಒಯ್ತೀನಿ."

ಜಡೆಪ್ಪ ಜಾಗಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಕೊಟ್ರಬಸಮ್ಮ ಮಾತ್ರ ಸೆರಗು ಸರಿಮಾಡಿಕೊಂಡಳು. "ಒಯ್ರಿ ಸಾಹೇಬ್ರ. ಅದರ ಪ್ರಸಾದ ಇನ್ನೂ ನಿಮ್ಮ ಬಾಯಾಗ ಐತಿ. ಪ್ರಸಾದ ತಿಂದು ದೇವರನ್ನ ಕಚೇರಿಗೆ ಹೊತ್ಕೊಂಡು ಹೋದ್ರ ನಿಮ್ಮ ಮನ್ಯಾಗ ಏನಂತಾರ?"

ರಾಯರ ಬಾಯಲ್ಲಿದ್ದ ಬಾಳೆಹಣ್ಣು ಬಿಸಿತುಪ್ಪವಾಯಿತು. ಹೇಗೋ ನುಂಗಿ, "ಆತು, ದೇವರಾಗೇ ಇರ್ಲಿ. ಆದ್ರ ಜಗಲಿ ಬಿಟ್ಟು ಇಳೀಬಾರದು" ಎಂದರು.

ಹಾಗೆ ಬಂದೂಕು ಉಳಿಯಿತು. ದಿನವೂ ಹೂವೇರಿಸಿಕೊಂಡು ಜಗಲಿಯ ಮೇಲೆ ಸುಖವಾಗಿ ಕೂತಿತು. ಹಂದಿ ಕಾಯಲು ಜಡೆಪ್ಪ ಜಾಗಟೆ ಹಿಡಿದು ಹೊರಡತೊಡಗಿದ. ಸಂತೆಯಲ್ಲಿ ಜನ ಮೊದಲಿನಂತೆಯೇ ಅವನಿಗೆ ದಾರಿ ಬಿಡುತ್ತಿದ್ದರು.

"ಸರೀರಲೇ, ಜಾಗಟಿ ಜಡೆಪ್ಪ ಬಂದ!"