ಬಾಲ ನೆಲಕ್ಕೆ ತಾಗದ ಪ್ರಾಣಿ

ಕುಶಾಲನಗರದ ಸುತ್ತಮುತ್ತ ರೆಸಾರ್ಟುಗಳ ಗೇಟಿನಲ್ಲಿ ನಿಂತಿರುವ ಸಿಮೆಂಟಿನ ಆನೆಗಳಲ್ಲಿ ಅರ್ಧಕ್ಕರ್ಧ ಆಶಾರಾಣಿ ಮಾಡಿದವು. ಅರಕಲಗೂಡು ಕಡೆಯಿಂದ ಬಂದು ಕೂಡಿಗೆಯಲ್ಲಿ ನೆಲೆಸಿದ ಗಾರೆ ಕೆಲಸದ ಗುರುವಪ್ಪನ ಮಗಳು ಅವಳು. ಕರಣೆ ಹಿಡಿಯಲು ಕಲಿಸಿದ್ದು ಅಪ್ಪ, ನೋಡುವುದನ್ನು ಅವಳೇ ಕಲಿತಳು. ಆನೆ ಮಲಗುವಾಗ ಮೊದಲು ಯಾವ ಕಾಲು ಮಡಚುತ್ತದೆ ಎಂದು ತಿಳಿಯಲು ದುಬಾರೆ ಆನೆ ಶಿಬಿರದ ಹೊಳೆದಂಡೆಯಲ್ಲಿ ಇಡೀ ದಿನ ಕೂತು ಬಂದವಳು.

ಕಳೆದ ವರ್ಷ ಶನಿವಾರಸಂತೆ ಕಡೆಯ ಒಂದು ಶಾಲೆಯ ಅಧ್ಯಕ್ಷ ಮರುಳಸಿದ್ದಪ್ಪನವರು ಅವಳನ್ನು ಕರೆಸಿ ಫೋನಿನಲ್ಲಿ ಚಿತ್ರವೊಂದನ್ನು ತೋರಿಸಿದರು. ಮನುಷ್ಯನಂತೆ ನೆಟ್ಟಗೆ ನಿಂತು, ಬಾಲ ನೆಲಕ್ಕೂರಿ, ಬಾಯಿ ತೆರೆದ ಹಸಿರು ಡೈನೋಸಾರ್.

"ಇಂಥದ್ದೇ ಮಾಡಮ್ಮ. ರಸ್ತೇಲಿ ಹೋಗೋರು ಬೆಚ್ಚಿಬೀಳಬೇಕು."

ಮೂರು ವಾರದಲ್ಲಿ ಇಪ್ಪತ್ತೆರಡು ಅಡಿಯ ಕಂಬಿ ಚೌಕಟ್ಟು ಎದ್ದಿತು. ಜಾಲರಿ ಸುತ್ತುವ ದಿನ ವಿಜ್ಞಾನದ ಟೀಚರ್ ವಿನುತಾ ಬಂದು ಅದನ್ನು ಎರಡು ಸುತ್ತು ಹಾಕಿ ನೋಡಿದಳು. ಏನೋ ಹೇಳಬೇಕು, ಹೇಗೆ ಹೇಳುವುದೋ ತಿಳಿಯದ ಮುಖ.

"ಏನಾಯ್ತು ಮಿಸ್?"

"ಬೇಜಾರು ಮಾಡ್ಕೋಬೇಡಿ ಆಶಕ್ಕ. ಅದು ಹೀಗೆ ನಿಲ್ತಿರಲಿಲ್ಲ. ಆ ಪ್ರಾಣಿಗಳ ಹೆಜ್ಜೆ ಗುರುತು ಕಲ್ಲಿನ ಮೇಲೆ ಬೇಕಾದಷ್ಟು ಸಿಕ್ಕಿವೆ. ಬಾಲ ಎಳೆದ ಗುರುತು ಮಾತ್ರ ಹೆಚ್ಚುಕಮ್ಮಿ ಎಲ್ಲೂ ಇಲ್ಲ."

ವಿನುತಾ ಬ್ಯಾಗಿನಿಂದ ಎಲುಬಿನ ಚಿತ್ರಗಳ ಹಾಳೆ ತೆಗೆದಳು. ಮಾಡುವುದಾದರೆ ಇದನ್ನು ಮಾಡಿ ಎಂದಳು: ರಾಜಾಸಾರಸ್, ನಮ್ಮ ದೇಶದ್ದೇ ಡೈನೋಸಾರ್. ಗುಜರಾತಿನ ನರ್ಮದಾ ಕಣಿವೆಯಲ್ಲಿ ಅದರ ಎಲುಬು ಸಿಕ್ಕಿತ್ತು. ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಬದುಕಿದ್ದ, ಹಣೆಯ ಮೇಲೆ ಗಿಡ್ಡ ಕೊಂಬಿದ್ದ ಬೇಟೆಗಾರ ಪ್ರಾಣಿ.

ಆಶಾರಾಣಿ ಹಾಳೆಗಳನ್ನು ಮನೆಗೆ ಒಯ್ದಳು. ಬಾಲ ಮೇಲೆತ್ತಿದರೆ ಊರುಗೋಲು ಹೋದಂತೆ. ಎರಡೇ ಕಾಲಿನ ಮೇಲೆ ಇಷ್ಟು ದೊಡ್ಡ ಮೈ ನಿಲ್ಲುವುದು ಹೇಗೆ? ಹಿತ್ತಲಿನ ನಾಟಿಕೋಳಿ ಬಗ್ಗಿ ಕಾಳು ಹೆಕ್ಕುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಂತಿ ಬಗ್ಗಿಸಿ ಗೇಣುದ್ದದ ಗೊಂಬೆ ಮಾಡಿ, ಜೇಡಿಮಣ್ಣು ಮೆತ್ತಿ, ಬೆನ್ನು ನೆಲಕ್ಕೆ ಸಮಾನಾಂತರವಾಗಿರುವಂತೆ ಎರಡು ಕಾಲಿನ ಮೇಲೆ ನಿಲ್ಲಿಸಿದಳು. ಗೊಂಬೆ ಮುಗ್ಗರಿಸಿತು. ಬಾಲದ ಬುಡಕ್ಕೆ ಚೂರು ಮಣ್ಣು ಸೇರಿಸಿದಳು. ಮತ್ತೆ ಬಿತ್ತು. ಇನ್ನಷ್ಟು ಸೇರಿಸಿದಳು. ಬಾಲದ ಬುಡ ತೊಡೆಯಷ್ಟೇ ದಪ್ಪವಾದಾಗ ಗೊಂಬೆ ಎರಡೇ ಕಾಲಿನ ಮೇಲೆ ನಿಂತುಬಿಟ್ಟಿತು.

ಬೆಳಿಗ್ಗೆ ಅದನ್ನು ತಟ್ಟೆಯಲ್ಲಿಟ್ಟುಕೊಂಡೇ ಶಾಲೆಗೆ ಹೋದಳು. "ಮಿಸ್, ಬಾಲದ ಬುಡ ಇಷ್ಟು ದಪ್ಪ ಆಗದೆ ಇದು ನಿಲ್ಲಲ್ಲ. ತಪ್ಪಾ?"

ವಿನುತಾ ತಟ್ಟೆಯನ್ನು ಕೈಗೆ ತೆಗೆದುಕೊಂಡು ಗೊಂಬೆಯ ಬಾಲ ಮುಟ್ಟಿ ನೋಡಿದಳು. "ಆಶಕ್ಕ, ಅಲ್ಲಿ ದೊಡ್ಡ ಸ್ನಾಯು ಇತ್ತು. ತೊಡೆಯನ್ನ ಹಿಂದಕ್ಕೆ ಎಳೆಯೋದು ಅದೇ. ಎಲುಬಿನ ಮೇಲಿನ ಗುರುತು ನೋಡಿ ವಿಜ್ಞಾನಿಗಳು ಹೇಳಿದ್ದು. ನೀವು ಮಣ್ಣು ಮೆತ್ತಿ ಕಂಡುಕೊಂಡ್ರಲ್ಲ!"

ಅವತ್ತೇ ವೆಲ್ಡಿಂಗಿನ ಅಶ್ವಥ್ ಚೌಕಟ್ಟನ್ನು ಸೊಂಟದಿಂದ ಕತ್ತರಿಸಲು ಶುರುಮಾಡಿದ. ಸದ್ದು ಕೇಳಿ ಮರುಳಸಿದ್ದಪ್ಪ ಓಡಿಬಂದರು.

"ಚೆನ್ನಾಗಿರೋದನ್ನ ಯಾಕಮ್ಮ ಕತ್ತರಿಸ್ತೀಯ?"

"ಗೊತ್ತಾಗೋ ತನಕ ಚೆನ್ನಾಗಿತ್ತು ಸರ್. ಶಾಲೆ ಅಂಗಳದಲ್ಲಿ ತಪ್ಪು ನಿಲ್ಲಿಸಿ ಹೋಗೋಕೆ ನನಗಾಗಲ್ಲ. ಜೂನ್‌ನಲ್ಲಿ ಶಾಲೆ ತೆರೆಯೋದ್ರೊಳಗೆ ಮುಗಿಸಿಕೊಡ್ತೀನಿ."

ಅವರು ಗೊಣಗಿದರು, ಆದರೆ ತಡೆಯಲಿಲ್ಲ.

ಹೊಸ ಚೌಕಟ್ಟಿನ ಆಸರೆಗಳನ್ನು ಒಂದೊಂದಾಗಿ ಬಿಚ್ಚುವಾಗ ಅಶ್ವಥ್ ದೂರ ಸರಿದು ನಿಂತಿದ್ದ. ಕೊನೆಯದನ್ನು ಆಶಾರಾಣಿಯೇ ಎಳೆದಳು. ಕಂಬಿಗಳು ಒಮ್ಮೆ ಕಿರುಗುಟ್ಟಿ ಸುಮ್ಮನಾದವು. ಪ್ರಾಣಿ ನಿಂತಿತ್ತು, ತಕ್ಕಡಿಯ ದಂಡಿಯಂತೆ ನೇರವಾಗಿ.

ಸಿಮೆಂಟು ಮೆತ್ತುವಾಗ ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಕೈ ಎಷ್ಟುದ್ದ? ಕೈಯ ಎಲುಬು ಸಿಕ್ಕಿಲ್ಲ, ಹತ್ತಿರದ ಜಾತಿಗಳಿಗೆ ತೀರಾ ಗಿಡ್ಡ ಕೈ ಇದ್ದದ್ದರಿಂದ ಇದಕ್ಕೂ ಹಾಗೇ ಇತ್ತೆಂದು ಊಹೆ ಎಂದಳು ವಿನುತಾ. ಬಣ್ಣ? ಅದೂ ಗೊತ್ತಿಲ್ಲ.

ಆಶಾರಾಣಿ ಕರಣೆ ಕೆಳಗಿಟ್ಟಳು. "ಆನೆ ತಪ್ಪಾದ್ರೆ ಊರೆಲ್ಲ ನಗುತ್ತೆ. ಇದರಲ್ಲಿ ನಾನು ಏನು ಸುಳ್ಳು ಹೇಳಿದ್ರೂ ಕೇಳೋರಿಲ್ಲ. ಅದಕ್ಕೇ ಭಯ ಮಿಸ್."

ಎರಡು ದಿನ ಯೋಚಿಸಿ ಅವಳೇ ದಾರಿ ಕಂಡುಕೊಂಡಳು. ಬಲಗಡೆ ಪೂರ್ತಿ ಬಣ್ಣ, ಒಣಗಿದ ಎಲೆಯಂಥ ಕಂದು. ಎಡಗಡೆ ಬರೀ ಸಿಮೆಂಟು, ಅದರ ಮೇಲೆ ನಿಜವಾಗಿ ಸಿಕ್ಕ ಎಲುಬುಗಳು ಮಾತ್ರ ಬಿಳಿ ಬಣ್ಣದಲ್ಲಿ: ತಲೆಬುರುಡೆಯ ಒಂದು ಭಾಗ, ಬೆನ್ನಿನ ಕೆಲವು, ಸೊಂಟ, ಹಿಂಗಾಲು, ಬಾಲದ ತುಂಡುಗಳು. ಬಾಯಿಯನ್ನು ಮುಚ್ಚಿಯೇ ಇಟ್ಟಳು.

ಜೂನಿನಲ್ಲಿ ಶಾಲೆ ತೆರೆದ ದಿನ ಮಕ್ಕಳು ಮೊದಲು ಬಲಗಡೆಗೆ ನುಗ್ಗಿದರು, ಆಮೇಲೆ ಎಡಗಡೆ ಬಂದು ಬಿಳಿ ಎಲುಬುಗಳನ್ನು ಎಣಿಸತೊಡಗಿದರು. "ಇಷ್ಟೇ ಎಲುಬಿಂದ ಅಷ್ಟೆಲ್ಲ ಕಂಡುಹಿಡಿದ್ರಾ?" ಎಂದು ರಂಜಿತಾ ಎಂಬ ಏಳನೇ ತರಗತಿಯ ಹುಡುಗಿ ಕೇಳಿದಳು. ಉತ್ತರ ಕೊಟ್ಟದ್ದು ಮರುಳಸಿದ್ದಪ್ಪನವರು. ಹೆಜ್ಜೆ ಗುರುತು, ಬಾಲದ ಸ್ನಾಯು, ಸಿಗದ ಕೈ ಎಲ್ಲವನ್ನೂ ಗಂಟೆ ಹೊಡೆಯುವವರೆಗೆ ವಿವರಿಸಿದರು. ಅವರು ಇಷ್ಟೆಲ್ಲ ಯಾವಾಗ ಕೇಳಿಸಿಕೊಂಡರೆಂದು ವಿನುತಾಗೆ ಆಶ್ಚರ್ಯ.

ಆಶಾರಾಣಿ ಆಗಲೇ ಸಾಮಾನುಗಳನ್ನು ಪಿಕಪ್ಪಿಗೆ ತುಂಬುತ್ತಿದ್ದಳು. ಶ್ರೀಮಂಗಲದ ಎಸ್ಟೇಟೊಂದರಲ್ಲಿ ಸಿಮೆಂಟಿನ ಕಾಟಿ, ಅಂದರೆ ಕಾಡುಕೋಣ, ಮಾಡುವ ಕೆಲಸ ಕಾದಿತ್ತು. ವಿನುತಾ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡಳು. ಸಿಮೆಂಟು ತಿಂದು ಒರಟಾದ ಕೈ.

"ಅದರ ಕೈ ಎಲುಬು ಎಲ್ಲಾದ್ರೂ ಸಿಕ್ಕಿದ್ರೆ ಫೋನ್ ಮಾಡಿ ಮಿಸ್," ಎಂದಳು ಆಶಾರಾಣಿ. "ಒಡೆದು ಸರಿ ಮಾಡಿಕೊಡ್ತೀನಿ."